ಹಣಮಪ್ಪನ ಕಿವಿ

ಕೆರೆದಿದ್ದೆನೋ, ಇಲ್ಲವೋ?

ಕೆರೆದಿರಬೇಕು. ಕೆರೆಯದೆ ಬಿಡುವುದುಂಟೆ? ಕಾರಿನ ಡಿಕ್ಕಿಯೊಳಗಿನ ಬೋಲ್ಟು ಬಿಚ್ಚಿದ್ದು ನೆನಪಿದೆ. ಆಂಪ್ಲಿಫೈಯರಿನ ಅರ್ಥ್ ವೈರನ್ನು ಅದರ ಕೆಳಗೆ ಸಿಕ್ಕಿಸಿದ್ದು ನೆನಪಿದೆ. ಮತ್ತೆ ಬೋಲ್ಟು ಬಿಗಿದದ್ದೂ ನೆನಪಿದೆ. ನಡುವೆ ಎಮರಿ ಕಾಗದ ಹಿಡಿದು, ಪೇಂಟು ಹೋಗಿ ಬಿಳಿ ತಗಡು ಕಾಣುವ ತನಕ ಉಜ್ಜಿದ್ದು? ಅಲ್ಲಿಗೆ ಬಂದರೆ ಗುರುಸಿದ್ದನ ತಲೆ ಖಾಲಿ. ಶನಿವಾರ ಸಂಜೆ ಅಂಗಡಿಯ ಮುಂದೆ ನಾಲ್ಕು ಕಾರು ನಿಂತಿದ್ದವು. "ಮೇಡಂ ಕಾಯ್ತಾ ಇದಾರೆ, ಮುಗ್ಸೋ ಬೇಗ" ಎಂದು ಕಿಟ್ಟಿಯವರು ಎರಡು ಸಲ ಕೂಗಿದ್ದರು. ದಿನಾ ಮಾಡುವ ಕೆಲಸದಲ್ಲಿ ಒಂದು ದಿನದ ಕೆಲಸವನ್ನು ಮಾತ್ರ ಬೇರೆ ತೆಗೆದು ನೆನಪಿಸಿಕೊಳ್ಳುವುದು ಹೇಗೆ? ಹಲ್ಲುಜ್ಜಿದ್ದು ಯಾರಿಗೆ ನೆನಪಿರುತ್ತದೆ?

ಇವತ್ತು ಮಂಗಳವಾರ. ಫೋನ್ ಬಂದು ಹತ್ತು ನಿಮಿಷವಾಗಿತ್ತು. ಅಲಮೇಲು ಮೇಡಂ ತಮ್ಮ ಎಸ್ಟೀಮ್ ಕಾರನ್ನು ವಾಪಸ್ ತರುತ್ತಿದ್ದರು.

ಪೇಂಟಿನ ಮೇಲೆ ಅರ್ಥ್ ಕೊಟ್ಟರೆ ಏನಾಗುತ್ತದೆಂದು ಆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಹಾಡು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಎಂಜಿನ್ ಓಡುತ್ತಿರುವಾಗ ಸ್ಪೀಕರಿನೊಳಗಿಂದ ಸಣ್ಣಗೆ ಒಂದು ಸದ್ದು ಹೊರಡುತ್ತದೆ, ಕಿವಿಯ ಪಕ್ಕ ಸೊಳ್ಳೆ ಸುಳಿದ ಹಾಗೆ. ಆಕ್ಸಲರೇಟರ್ ಒತ್ತಿದರೆ ಅದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಂಗಡಿಯವರು ಅದನ್ನು ಸೊಳ್ಳೆ ಎಂದೇ ಕರೆಯುತ್ತಿದ್ದರು. "ಸೊಳ್ಳೆ ಹೊಕ್ಕೈತೆ" ಎಂದರೆ ಆ ಕಾರನ್ನು ಪೂರ್ತಿ ಬಿಚ್ಚಬೇಕು ಎಂದು ಅರ್ಥ.

ಜಯನಗರ ಒಂಬತ್ತನೇ ಬ್ಲಾಕಿನಲ್ಲಿದ್ದ ಆ ಅಂಗಡಿಯ ಹೆಸರು ಇಂಚರ ಕಾರ್ ಆಡಿಯೋ. ಮಾಲೀಕರು ಕಿಟ್ಟಿ, ಪೂರ್ತಿ ಹೆಸರು ಕೃಷ್ಣಮೂರ್ತಿ ಎಂಬುದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಮಗಳು ಹುಟ್ಟಿದ ವರ್ಷ ಅಂಗಡಿ ತೆರೆದು, ಮಗಳಿಗೂ ಅಂಗಡಿಗೂ ಒಂದೇ ಹೆಸರಿಟ್ಟಿದ್ದರು. ನಗುವ ಮನುಷ್ಯ. ನಗಿಸುವ ಮನುಷ್ಯ ಕೂಡ, ಆದರೆ ಆ ನಗುವಿಗೆ ಯಾವಾಗಲೂ ಯಾರಾದರೊಬ್ಬ ಬೇಕು. ಕೆಲಸದವರಿಗೆ ಅವರದು ಒಂದೇ ಕಾನೂನು: "ನೀನ್ ಮಾಡಿದ ಕಾರು ಒಂದ್ ಸಲ ವಾಪಸ್ ಬಂದ್ರೆ ನನ್ ಕರ್ಮ. ಎರಡನೇ ಸಲ ಬಂದ್ರೆ ನಿನ್ ಕರ್ಮ."

ಗುರುಸಿದ್ದನದು ಒಂದು ಸಲ ಆಗಿಹೋಗಿತ್ತು. ಎಫ್‌ಎಂ ಹೊಸದಾಗಿ ಬಂದು ಎಲ್ಲರೂ ಕಾರಿಗೆ ಆಂಟೆನಾ ಹಾಕಿಸುತ್ತಿದ್ದ ದಿನಗಳು. ಒಂದು ಸ್ಯಾಂಟ್ರೋಗೆ ಆಂಟೆನಾದ ಕೇಬಲ್ ಗಿಡ್ಡವಾಯಿತೆಂದು ಇನ್ನೊಂದು ತುಂಡು ಸೇರಿಸಿ ಟೇಪು ಸುತ್ತಿದ್ದ. ಬೆಸುಗೆ ಹಾಕಿರಲಿಲ್ಲ. ಊರೊಳಗೆ ರೇಡಿಯೋ ಸರಿಯಾಗಿಯೇ ಹಾಡಿತು. ತಲಘಟ್ಟಪುರ ದಾಟುತ್ತಿದ್ದಂತೆ ಬರೀ ಗೊರಗೊರ. ಕಾರಿನವನು ಅಲ್ಲಿಂದಲೇ ತಿರುಗಿಸಿಕೊಂಡು ಬಂದು, ಎಲ್ಲರೆದುರು ಆ ಟೇಪನ್ನು ಕಿತ್ತು ಕೌಂಟರಿನ ಮೇಲೆ ಇಟ್ಟು ಹೋಗಿದ್ದ. ಇದು ಎರಡನೆಯದಾದರೆ ಬಿಟಿಎಂ ಲೇಔಟಿನ ರೂಮು ಬಿಟ್ಟು ಮುಧೋಳಕ್ಕೆ ಹೋಗಬೇಕು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಕೂತಿದ್ದವನು ಅವನು. ಅತ್ತಿಗೆ ಊಟಕ್ಕೆ ಕರೆಯುವಾಗ ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಮನ್ಯಾಗ ಕುಂತವ್ರು ಉಣ್ರಿ" ಎನ್ನುತ್ತಿದ್ದಳು. ಆ ಮಾತು ಇನ್ನೊಮ್ಮೆ ಕೇಳುವುದು ಅವನಿಂದ ಆಗದು.

ಅವನನ್ನು ಆ ಗಿರಣಿಯಿಂದ ಎಬ್ಬಿಸಿ ಬೆಂಗಳೂರಿಗೆ ಕರೆತಂದವನು ಹಣಮಪ್ಪ. ಸಂಬಂಧವೇನಿಲ್ಲ, ಒಂದೇ ಊರು ಅಷ್ಟೆ. ಐವತ್ತೈದರ ಆಸುಪಾಸು. ಪ್ರಾಯದಲ್ಲಿ ಊರೂರು ತಿರುಗಿ ಮೈಕ್‌ಸೆಟ್ ಹಾಕುತ್ತಿದ್ದವನು, ಮದುವೆಗೆ, ಚುನಾವಣೆಗೆ, ನಾಟಕಕ್ಕೆ. ಹಾರ್ನ್ ಸ್ಪೀಕರಿನ ಬಾಯಿಗೇ ತಲೆ ಕೊಟ್ಟು ಮಲಗುತ್ತಿದ್ದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಗುರುಸಿದ್ದ ಬಂದ ಮೊದಲ ನಾಲ್ಕು ತಿಂಗಳು ಹೊಸಕೆರೆಹಳ್ಳಿಯ ಅವನ ಮನೆಯಲ್ಲೇ ಉಂಡ. ಹಣಮಪ್ಪನ ಹೆಂಡತಿ ಶಂಕ್ರವ್ವ ಬಡಿದ ಜೋಳದ ರೊಟ್ಟಿಯಲ್ಲಿ ಮೊದಲ ರೊಟ್ಟಿ ಇವನಿಗೇ.

ಅಂಗಡಿಯಲ್ಲಿ ಹಣಮಪ್ಪನಿಗೆ ಒಂದು ವಿಶೇಷ ಕೆಲಸವಿತ್ತು. ಯಾರೇ ಮಾಡಿದ ಕಾರಾಗಲಿ, ಮುಗಿದ ಮೇಲೆ ಹಿಂದಿನ ಶೆಡ್ಡಿಗೆ ತರಬೇಕು. ಎಂಜಿನ್ ಚಾಲೂ ಮಾಡಬೇಕು. ಕ್ಯಾಸೆಟ್ಟು, ಸಿಡಿ ಏನೂ ಹಾಕದೆ ವಾಲ್ಯೂಮ್ ಪೂರ್ತಿ ಏರಿಸಬೇಕು. ಹಣಮಪ್ಪ ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ಕಣ್ಣು ಮುಚ್ಚುತ್ತಾನೆ. ಆಗ ಯಾರೂ ಮಾತಾಡುವಂತಿಲ್ಲ, ಸ್ಪೀಕರ್ ಡಬ್ಬಿ ಮಾಡುವ ಕೊಟ್ರಪ್ಪ ಸುತ್ತಿಗೆ ಕೆಳಗಿಡಬೇಕು. ಎರಡು ನಿಮಿಷ. ಆಮೇಲೆ ಬಾಗಿಲು ತೆರೆದು, "ಗಪ್ಪ ಐತಿ" ಎನ್ನುತ್ತಾನೆ. ಒಳಗೆ ಸದ್ದಿಲ್ಲ ಎಂದು ಅರ್ಥ. ಅಷ್ಟಾದರೆ ಕಾರು ಹೊರಡಬಹುದು. ಕಿಟ್ಟಿಯವರು ಗಿರಾಕಿಗಳಿಗೆ ಇದನ್ನು ತೋರಿಸಿಯೇ ತೋರಿಸುತ್ತಿದ್ದರು. "ನೋಡಿ ಸಾರ್, ಮೀಟರ್ ಎಲ್ಲಾ ಬೇರೆ ಅಂಗಡೀಲಿ. ನಮ್ಮಲ್ಲಿ ಹಣಮಪ್ಪನ ಕಿವಿ."

ಗುರುಸಿದ್ದನಿಗೆ ಆ ಎರಡು ನಿಮಿಷವೆಂದರೆ ಇಷ್ಟ. ಈ ಊರಿನಲ್ಲಿ ಯಾರೂ ಯಾರಿಗೂ ಕೂಗದೆ ಇರುವ ಎರಡು ನಿಮಿಷ ಬೇರೆಲ್ಲಿಯೂ ಸಿಕ್ಕಿರಲಿಲ್ಲ. ಆದರೆ ಹೋದ ವರ್ಷದಿಂದ, ಆ ಮೌನದಲ್ಲಿ ಕಾರಿನ ಹೊರಗೆ ನಿಂತಿದ್ದಾಗಲೇ ಅವನಿಗೆ ಎರಡು ಮೂರು ಸಲ ಸೊಳ್ಳೆ ಕೇಳಿಸಿತ್ತು. ಒಳಗೆ ಕೂತ ಹಣಮಪ್ಪ "ಗಪ್ಪ ಐತಿ" ಎಂದಿದ್ದ. ಗುರುಸಿದ್ದ ಯಾರಿಗೂ ಹೇಳದೆ, ಕಾರು ಒರೆಸುವ ನೆಪದಲ್ಲಿ ಡಿಕ್ಕಿ ತೆರೆದು ವೈರು ಸರಿಪಡಿಸಿ ಕಳಿಸಿದ್ದ. ಅಷ್ಟು ಉಪಕಾರ ಅವನೂ ಮಾಡಿದ್ದ.

ಅಲಮೇಲು ಮೇಡಂ ಹನ್ನೊಂದಕ್ಕೆ ಬಂದರು. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಜಯನಗರದವರೇ, ಮೂವತ್ತು ವರ್ಷದಿಂದ ಒಂದೇ ಮನೆ. ಕಾರಿನಿಂದ ಇಳಿಯಲೂ ಇಲ್ಲ.

"ಕಿಟ್ಟಿ, ಬಾಪ್ಪ ಇಲ್ಲಿ. ಕೂತ್ಕೋ."

ಕಿಟ್ಟಿಯವರು ಪಕ್ಕದಲ್ಲಿ ಕೂತರು. ಮೇಡಂ ಹಾಡು ಹಾಕಿದರು. ಬರೀ ತಂಬೂರಿ, ಹಾಡುವವರು ಇನ್ನೂ ಬಾಯಿ ತೆರೆದಿರಲಿಲ್ಲ.

"ಶ್ರುತಿ ಕೇಳ್ತಾ? ಈಗ ನೋಡು." ಆಕ್ಸಲರೇಟರ್ ಒತ್ತಿದರು. "ತಂಬೂರಿ ಅಲ್ಲೇ ಇದೆ. ನಿನ್ನ ಸೆಟ್ಟು ಅರ್ಧ ಸ್ವರ ಮೇಲೆ ಹೋಯ್ತು. ಬಿಟ್ಟೆ. ಇಳೀತು. ಬನಶಂಕರಿ ತನಕ ಇದೇ ಸಂಗೀತ. ಸಿಗ್ನಲ್‌ನಲ್ಲಿ ಒಂದು ಶ್ರುತಿ, ಫ್ಲೈಓವರ್ ಮೇಲೆ ಒಂದು ಶ್ರುತಿ. ನಂಗೇನು ಹುಚ್ಚು ಹಿಡಿಸ್ಬೇಕು ಅಂತಿದೀಯಾ?"

"ಸಾರಿ ಮೇಡಂ, ಚೆಕ್ ಮಾಡೇ ಕಳಿಸಿದ್ದು..."

"ಯಾರು ಚೆಕ್ ಮಾಡಿದ್ದು? ಆ ಕಣ್ಣು ಮುಚ್ಕೊಂಡು ಕೂರ್ತಾರಲ್ಲ, ಅವರಾ? ನಿದ್ದೆ ಮಾಡ್ತಿದ್ರೇನೋ. ನಾಲ್ಕು ಗಂಟೆಗೆ ಬರ್ತೀನಿ, ಸರಿಯಾಗಿರ್ಬೇಕು."

ಮೇಡಂ ಆಟೋ ಹತ್ತಿದ ಮೇಲೆ ಕಿಟ್ಟಿಯವರು ತಿರುಗಿದರು. "ಯಾರ್ದು ಈ ಕೆಲಸ?"

ಗುರುಸಿದ್ದ ಕೈಯೆತ್ತಿದ. "ನಂದೇ ಸಾರ್."

"ಓಹೋ. ಡಿಪ್ಲೊಮಾ ಸಾಹೇಬ್ರದ್ದು. ಎರಡನೇದು ಅಲ್ವಾ ಮಗಾ ಇದು?"

ಹಣಮಪ್ಪ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದ. "ಸರ, ಅವಂದಲ್ಲ ತಪ್ಪು. ಗಪ್ಪ ಐತಿ ಅಂತ ಬಿಟ್ಟಾಂವ ನಾ. ಏನ ಬೈಯೋದದ, ನನಗ ಬೈರಿ. ಹುಡಿಕಿ ತಗೀತೀವಿ."

"ಹುಡ್ಕ್ರೀ. ನಾಲ್ಕರ ತನಕ ಟೈಮಿದೆ. ಆಮೇಲೆ ಯಾರಿಗೆ ಬಯ್ಯೋದು ಅಂತ ನಾನ್ ನೋಡ್ಕೋತೀನಿ." ಹನ್ನೊಂದು ವರ್ಷದಿಂದ ಕಿಟ್ಟಿಯವರು ಹಣಮಪ್ಪನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಶೆಡ್ಡಿನಲ್ಲಿ ಹಣಮಪ್ಪ ಮೆಲ್ಲಗೆ ಕೇಳಿದ. "ತಮ್ಮಾ, ಪೇಂಟ್ ಕೆರದಿದ್ದೀ ಇಲ್ಲೋ? ಖರೆ ಹೇಳು, ನನ್ನ ಮುಂದ ಏನ ಅಂಜಿಕಿ?"

"ಕೆರದೀನಿ ಕಾಕಾ."

"ಹಂಗಾರ ಡಿಕ್ಕಿ ನೋಡೂದು ಬ್ಯಾಡ. ಮುಂದ ಡ್ಯಾಶ್‌ಬೋರ್ಡಿನ್ಯಾಗ ಇರಬೇಕು." ಅವನು ಸ್ಕ್ರೂಡ್ರೈವರ್ ಹಿಡಿದು ಸ್ಟೇರಿಂಗಿನ ಕೆಳಗೆ ನುಗ್ಗಿ ಮಲಗಿದ. ಇವನ ಮಾತನ್ನು ಅಷ್ಟು ಸಲೀಸಾಗಿ ನಂಬಿದ.

ಊಟದ ಹೊತ್ತಿಗೆ ಹಣಮಪ್ಪ ಕೈ ತೊಳೆಯಲು ಹೋದಾಗ ಗುರುಸಿದ್ದ ಡಿಕ್ಕಿ ತೆರೆದ. ಬೋಲ್ಟು ತಿರುಗಿಸಿದ. ಕೆಳಗೆ ಹಸಿರು ಪೇಂಟು, ಹೊಸ ಮದುಮಗಳ ಬಳೆಯಷ್ಟು ಹಸಿರು, ಒಂದು ಗೀರೂ ಇಲ್ಲ. ಅವನು ಕುಕ್ಕರುಗಾಲಲ್ಲಿ ಕೂತ. ಆಮೇಲೆ ಎಮರಿ ಕಾಗದ ತೆಗೆದು, ಮೂರೇ ನಿಮಿಷದಲ್ಲಿ ತಗಡು ಬೆಳ್ಳಗಾಗುವಂತೆ ಉಜ್ಜಿ ವೈರು ಬಿಗಿದ. ಎಂಜಿನ್ ಹಾಕಿ ಕೇಳಿದ. ಸೊಳ್ಳೆ ಸತ್ತಿತ್ತು. ಕಾರಿನೊಳಗೆ ಒಳ್ಳೆಯ, ದಪ್ಪನೆಯ ಮೌನ.

ಇನ್ನು ಉಳಿದದ್ದು, ಬಯ್ಗುಳ ಯಾರ ತಲೆಗೆ ಎಂಬುದು.

ಅವನು ಕೌಂಟರಿಗೆ ಹೋದ. ಕಿಟ್ಟಿಯವರು ಮೊಸರನ್ನ ಕಲಸುತ್ತಿದ್ದರು.

"ಸಾರ್, ಸಿಕ್ತು. ಅರ್ಥ್ ಒಂಚೂರು ಲೂಸ್ ಆಗಿತ್ತು. ರೋಡ್ ಗುಂಡಿಗೆ ಅಲ್ಲಾಡಿರ್ಬೇಕು. ಬಿಗಿ ಮಾಡ್ದೆ."

"ಲೂಸ್ ಆದ್ರೂ ಶನಿವಾರ ಟೆಸ್ಟಲ್ಲಿ ಗೊತ್ತಾಗ್ಬೇಕಿತ್ತಲ್ಲೋ."

"ಅದೇ ಸಾರ್." ಗುರುಸಿದ್ದ ಹೊಸ್ತಿಲು ನೋಡುತ್ತಾ ನಿಂತ. ಇಲ್ಲಿಗೇ ಸುಮ್ಮನಾಗಬಹುದಿತ್ತು. "ಕಾಕಾಗೆ ಸಣ್ಣ ಸದ್ದು ಕೇಳ್ಸಲ್ಲ ಸಾರ್. ಒಂದು ವರ್ಷ ಆಯ್ತು. ನಾನೇ ಎಷ್ಟೋ ಕಾರು ಹಿಂದಿಂದ ಸರಿ ಮಾಡಿದೀನಿ."

ಕಿಟ್ಟಿಯವರ ಕೈ ತುತ್ತಿನ ಸಮೇತ ನಿಂತಿತು. "ಏನ್ ಹೇಳ್ತಾ ಇದೀಯ? ಹಣಮಪ್ಪಂಗಾ? ನಂಬೋದ್ ಹೆಂಗೋ?"

"ಪರೀಕ್ಷೆ ಮಾಡಿ ಸಾರ್. ಡಿಕ್ಕೀಲಿರೋ ಆಂಪ್ಲಿಫೈಯರ್ ಫ್ಯೂಸ್ ತೆಗೆದು ಕಾಕಾನ್ನ ಕೂರಿಸಿ. ಫ್ಯೂಸ್ ಇಲ್ದಿದ್ರೆ ಸ್ಪೀಕರಲ್ಲಿ ಏನೂ ಬರಲ್ಲ. ಸೊಳ್ಳೆ ಇನ್ನೂ ಇದೆ ಅಂತ ಹೇಳಿ ಕೇಳ್ಸಿ. ಏನಂತಾನೆ ನೋಡಿ."

ಕಿಟ್ಟಿಯವರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ನಗು ಮೆಲ್ಲಗೆ ಶುರುವಾಯಿತು. "ಗುರು, ಸಖತ್ ಖದೀಮ ಕಣೋ ನೀನು."

ನಾಲ್ಕಕ್ಕೆ ಮೇಡಂ ಬಂದರು. ಕಿಟ್ಟಿಯವರು ಅವರನ್ನು ಶೆಡ್ಡಿಗೇ ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಕಿವಿಯಲ್ಲಿ ಏನೋ ಹೇಳಿದರು. ಮೇಡಂ ಹುಬ್ಬೇರಿಸಿದರು, ಬೇಡವೆನ್ನಲಿಲ್ಲ. ಕೊಟ್ರಪ್ಪನಿಗೂ ಸುದ್ದಿ ಮುಟ್ಟಿತ್ತು. ಕೆಳಗಿಟ್ಟ ಸುತ್ತಿಗೆಯ ಪಕ್ಕ ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದ. ಫ್ಯೂಸು ಗುರುಸಿದ್ದನ ಅಂಗಿಯ ಜೇಬಿನಲ್ಲಿತ್ತು.

"ಹಣಮಪ್ಪ, ಹುಡುಗ ಏನೋ ಮಾಡಿದಾನೆ. ಆದ್ರೂ ಸೊಳ್ಳೆ ಪೂರ್ತಿ ಹೋಗಿಲ್ಲ ಅಂತ ನಂಗೆ ಡೌಟು. ನೀವೊಂದ್ಸಲ ಕೇಳಿ."

ಹಣಮಪ್ಪ ಚಪ್ಪಲಿ ಬಿಟ್ಟು ಹಿಂದಿನ ಸೀಟು ಹತ್ತಿದ. ಯಾವಾಗಲೂ ಚಪ್ಪಲಿ ಬಿಟ್ಟೇ ಹತ್ತುತ್ತಿದ್ದ. ಕಿಟ್ಟಿಯವರು ಎಂಜಿನ್ ಹಾಕಿ ವಾಲ್ಯೂಮಿನ ಗುಂಡಿಯನ್ನು ಕೊನೆತನಕ ತಿರುಗಿಸಿದರು. ಎಲ್ಲರಿಗೂ ಕಾಣಲೆಂದು ಈ ಸಲ ಹಿಂದಿನ ಗಾಜು ಮಾತ್ರ ಇಳಿಸಿಯೇ ಇತ್ತು. ಹಣಮಪ್ಪ ಕಣ್ಣು ಮುಚ್ಚಿದ. ಮುಂಜಾನೆ ಬೈಸಿಕೊಂಡವನಾದ್ದರಿಂದ ಇಂದು ಇನ್ನೂ ಗಟ್ಟಿಯಾಗಿ ಮುಚ್ಚಿದ್ದ. ರೆಪ್ಪೆಯ ಸುತ್ತ ನೆರಿಗೆ ಕಟ್ಟಿತ್ತು. ಒಂದು ನಿಮಿಷ ಕಳೆಯಿತು. ಎರಡೂ ಕಳೆಯಿತು.

"ಐತಿ ಸರ," ಎಂದ. "ಸಣ್ಣಗೈತಿ. ಆದ್ರ ಐತಿ."

ಕೊಟ್ರಪ್ಪನ ಟವೆಲಿನೊಳಗಿಂದ ಕೊಸಕ್ ಎಂದು ಒಂದು ಸದ್ದು ಬಂತು.

"ಹೌದಾ?" ಕಿಟ್ಟಿಯವರ ದನಿ ಎಣ್ಣೆ ಹಚ್ಚಿದಂತಿತ್ತು. ಆಕ್ಸಲರೇಟರ್ ಒತ್ತಿದರು. "ಈಗ? ಏರ್ತಾ ಇದೆಯಾ?"

ಹಣಮಪ್ಪ ತಲೆ ಓರೆ ಮಾಡಿದ. "ಏರವಲ್ದು ಸರ. ಒಂದ ಸಮ ಐತಿ. ಇದು ಬ್ಯಾರೆ ನಮೂನಿ."

ಗುರುಸಿದ್ದ ತಲೆಯೆತ್ತಿ ಹಣಮಪ್ಪನನ್ನು ನೋಡಿದ. ಸುಳ್ಳು ಹೇಳುವವನಾಗಿದ್ದರೆ ಏರುತ್ತಿದೆ ಎನ್ನುತ್ತಿದ್ದ. ಸೊಳ್ಳೆ ಏರುತ್ತದೆಂದು ಹಣಮಪ್ಪನಿಗಿಂತ ಚೆನ್ನಾಗಿ ಗೊತ್ತಿದ್ದವರು ಅಂಗಡಿಯಲ್ಲೇ ಇರಲಿಲ್ಲ. ಹಾಗಿದ್ದೂ ಏರುತ್ತಿಲ್ಲ ಎಂದ. ಕಾಕಾಗೆ ಏನೋ ಕೇಳಿಸುತ್ತಿದೆ. ಈಗ ಬಾಯಿ ಬಿಟ್ಟರೆ ನಿಲ್ಲಿಸಬಹುದು. ಗುರುಸಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ.

ಕಿಟ್ಟಿಯವರು ಎಂಜಿನ್ ಆರಿಸಿದರು. ಸೆಟ್ಟನ್ನೂ ಆರಿಸಿದರು. ಕಾರು ಕಲ್ಲಿನ ಹಾಗೆ ನಿಂತಿತು.

"ಈಗ?"

ಹಣಮಪ್ಪ ಸೀಟಿನ ಅಂಚಿಗೆ ಬಂದು ಮುಂದಕ್ಕೆ ಬಾಗಿದ. ಕಣ್ಣು ತೆರೆಯಲಿಲ್ಲ. ಕೊನೆಗೆ, ತನ್ನ ಮಾತು ತನಗೇ ಅರ್ಥವಾಗದವನಂತೆ, ಮಗುವಿನ ದನಿಯಲ್ಲಿ ಹೇಳಿದ:

"ಈಗೂ ಐತಿ ಸರ."

ಕೊಟ್ರಪ್ಪ ಟವೆಲು ಕೆಳಗೆ ಬಿಟ್ಟು ನೆಲಕ್ಕೆ ಕೂತು ನಕ್ಕ. ಕಿಟ್ಟಿಯವರು ಸ್ಟೇರಿಂಗಿಗೆ ಹಣೆ ಕುಟ್ಟಿಕೊಂಡು ನಕ್ಕರು. "ಕೊಡೋ, ಕೊಡೋ ಅದನ್ನ" ಎಂದು ಕೈಚಾಚಿದರು. ಗುರುಸಿದ್ದ ಜೇಬಿನಿಂದ ತೆಗೆದು ಕೊಟ್ಟ. ಹಳದಿ ಬಣ್ಣದ ಪುಟ್ಟ ಫ್ಯೂಸು. ಕಿಟ್ಟಿಯವರು ಅದನ್ನು ಹಣಮಪ್ಪನ ಮೂಗಿನ ಮುಂದೆ ಆಡಿಸಿದರು.

"ನೋಡು! ಆಂಪ್‌ಗೆ ಕರೆಂಟೇ ಇಲ್ಲ ಕಣೋ, ಮೊದಲಿಂದ! ಎಂಜಿನ್ ಆಫು, ಸೆಟ್ ಆಫು, ಆದ್ರೂ ಐತಿ ಅಂತೀಯಲ್ಲೋ ಸುಳ್ಳಪ್ಪ! ಹನ್ನೊಂದು ವರ್ಷ ಹಿಂಗೇ ಗಪ್ಪ ಐತಿ, ಗಪ್ಪ ಐತಿ ಅಂತ ನನ್ ತಲೆ ಮೇಲೆ ಕೂತಿದ್ದಾ?"

ಹಣಮಪ್ಪ ಫ್ಯೂಸು ನೋಡಿದ. ಆಮೇಲೆ ಅದು ಯಾವ ಜೇಬಿನಿಂದ ಬಂತೋ ಆ ಜೇಬು ನೋಡಿದ. ಮುಖ ನೋಡಲಿಲ್ಲ.

ಮೇಡಂ ನಕ್ಕಿರಲಿಲ್ಲ. ನಿಟ್ಟುಸಿರಿಟ್ಟರು. "ಪಾಪ, ವಯಸ್ಸಾಗಿದೆ. ಆದ್ರೆ ಕಿಟ್ಟಿ, ಇಂಥವರನ್ನ ಇಟ್ಕೊಂಡು ನಮ್ಮ ಹತ್ರ ಯಾಕೆ ಆಟ ಆಡ್ತೀಯ?" ಎಂದು ಹೇಳಿ, ಫ್ಯೂಸು ಹಾಕಿಸಿ, ತಂಬೂರಿ ಕೇಳಿ ತೃಪ್ತಿಯಾಗಿ ಹೋದರು.

ಹಣಮಪ್ಪ ಚಪ್ಪಲಿ ಮೆಟ್ಟಿಕೊಂಡ. ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದ.

ಹದಿನೈದಿಪ್ಪತ್ತು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಗುರುಸಿದ್ದನ ರೂಮಿನ ಬಾಗಿಲಲ್ಲಿ ಹಣಮಪ್ಪ ನಿಂತಿದ್ದ. ಒಂದು ಕೈಯಲ್ಲಿ ಆಸ್ಪತ್ರೆಯ ಚೀಟಿ, ಇನ್ನೊಂದರಲ್ಲಿ ಶಂಕ್ರವ್ವ ಕೊಟ್ಟ ಶೇಂಗಾ ಚಟ್ನಿಯ ಪೊಟ್ಟಣ. ಒಳಗೆ ಬಾ ಎಂದರೂ ಬರಲಿಲ್ಲ.

"ಡಾಕ್ಟ್ರು ನೋಡಿದ್ರು ತಮ್ಮಾ. ಕಿವ್ಯಾಗ ಒಂದು ಸಪ್ಪಳ ಅದ ಅಂತ. ಹೊರಗ ಇಲ್ಲ, ಒಳಗ. ಹಗಲೂ ರಾತ್ರಿ ಕುಂಯ್ ಅಂತದ. ಹಾರ್ನಿನ ಬಾಯಾಗ ಮಲಗಿದ್ದಕ್ಕ ಬಂದೈತಂತ. ನಾ ಏನ ತಿಳಕೊಂಡಿದ್ದೆ ಗೊತ್ತೇನು? ಎಲ್ಲಾರಿಗೂ ಹಿಂಗ ಕೇಳತೈತಿ, ಇದಽ ಗಪ್ಪ ಅಂದ್ರ, ಅಂತ ತಿಳಕೊಂಡಿದ್ದೆ. ಅದನ್ನ ಕಳದು ಕಾರು ಕೇಳತಿದ್ದೆ. ಅವತ್ತ ನೀವು ಸೊಳ್ಳಿ ಐತಿ ಅಂದ್ರಿ. ಹಂಗಾರ ಇದ ಸೊಳ್ಳಿ ಇರಬೇಕು ಅಂತ ಅಂದೆ."

ಗುರುಸಿದ್ದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಕೆಲಸ ಹೋತು, ಹೋಗ್ಲಿ. ಕಿವಿ ಹೋದಾಂವ್ಗ ಆ ಕೆಲಸ ಯಾಕ? ಖರೆ ಐತಿ. ಆದ್ರ ಸಾಹೇಬ್ರು ನನ್ನ ಸುಳ್ಳಪ್ಪ ಅಂದ್ರು. ಕಿವುಡ ಅಂದಿದ್ರ ನಡೀತಿತ್ತು." ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ. "ನಾ ಹೋಗಿ ಹೇಳಿದ್ರ ಕೆಲಸ ಕೇಳಾಕ ಬಂದಾನ ಅಂತಾರ. ನೀ ಹೇಳು. ಅವಂಗ ಖರೇನ ಕೇಳಿಸಿತ್ತು, ಅಂತ ಒಂದ ಮಾತು. ಮತ್ತೇನೂ ಬ್ಯಾಡ."

"ಹೇಳ್ತೀನಿ ಕಾಕಾ."

"ಫ್ಯೂಸಿನ ಮಾತು ನಾ ಕೇಳಂಗಿಲ್ಲ," ಎಂದು ಹಣಮಪ್ಪ ಪೊಟ್ಟಣ ಕೊಟ್ಟು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ತಲೆ ಒಮ್ಮೆ ಕೊಡವಿಕೊಂಡ, ಕಿವಿಗೆ ನೀರು ಹೊಕ್ಕವರು ಕೊಡವಿಕೊಳ್ಳುವ ಹಾಗೆ.

ಚಟ್ನಿಯನ್ನು ರೂಮಿನವರೆಲ್ಲ ಸೇರಿ ಎರಡೇ ದಿನದಲ್ಲಿ ಮುಗಿಸಿದರು.

ಸೋಮವಾರ ಗುರುಸಿದ್ದ ಹೇಳಬೇಕೆಂದೇ ಹೋದ. ಆದರೆ ಹಣಮಪ್ಪ ಸುಳ್ಳು ಹೇಳಲಿಲ್ಲ ಎಂದರೆ ಆ ದಿನದ ಮಾತೆಲ್ಲ ಮತ್ತೆ ಏಳುತ್ತದೆ; ಯಾರು ಪರೀಕ್ಷೆ ಹೂಡಿದ್ದು, ಯಾಕೆ, ಸೊಳ್ಳೆ ಮೊದಲು ಬಂದದ್ದು ಎಲ್ಲಿಂದ ಎಂದು ಒಂದೊಂದೇ ಕೇಳುತ್ತಾರೆ. ನಾಳೆ ಎಂದುಕೊಂಡ. ಅಷ್ಟರಲ್ಲಿ ಕಿಟ್ಟಿಯವರು ಅವನನ್ನೇ ಹಿಂದಿನ ಸೀಟಿಗೆ ಕೂರಿಸಿದರು. ಅಂಗಡಿಯ ಕಿವಿ ಈಗ ಅವನು. ಕಣ್ಣು ಮುಚ್ಚಿದರೆ ಆ ಎರಡು ನಿಮಿಷದಲ್ಲಿ ಹಿಂದಿನ ನೆಮ್ಮದಿ ಇರಲಿಲ್ಲ. ಬೇಗ ಬೇಗ ಬಾಗಿಲು ತೆರೆದು "ಓಕೆ ಸಾರ್" ಎಂದುಬಿಡುತ್ತಿದ್ದ.

ಐದು ವರ್ಷ ಕಳೆಯಿತು. ಕುಮಾರಸ್ವಾಮಿ ಲೇಔಟಿನಲ್ಲಿ ಇಂಚರದ ಎರಡನೇ ಅಂಗಡಿ ಆಯಿತು, ಗುರುಸಿದ್ದ ಅದನ್ನು ನೋಡಿಕೊಳ್ಳುವವನಾದ. ಕಿಟ್ಟಿಯವರು ವಾರಕ್ಕೊಮ್ಮೆ ಬಂದು, ಹೊಸ ಗಿರಾಕಿ ಸಿಕ್ಕರೆ ಸುಳ್ಳಪ್ಪನ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ಅದಕ್ಕೆ ಬಾಲ ಬೆಳೆಯುತ್ತಿತ್ತು. "ಎಂಜಿನ್ ಆಫು ಸಾರ್, ಫ್ಯೂಸ್ ಈ ಗುರು ಜೇಬಲ್ಲಿ, ಆದ್ರೂ ಆ ಮನುಷ್ಯ ದೇವರ ಥರ ಕಣ್ ಮುಚ್ಕೊಂಡು 'ಈಗೂ ಐತಿ ಸರ'! ಏನ್ ಧೈರ್ಯ ನೋಡಿ ಸುಳ್ಳು ಹೇಳೋಕೆ! ಅಲ್ವೇನೋ ಗುರು?"

"ಹೌದು ಸಾರ್," ಎನ್ನುತ್ತಿದ್ದ ಗುರುಸಿದ್ದ. ಗಿರಾಕಿಗಳ ಜೊತೆ ಸ್ವಲ್ಪ ನಗುತ್ತಲೂ ಇದ್ದ.

ಹಣಮಪ್ಪನಿಗೆ ಅವತ್ತು ನಿಜವಾಗಿಯೂ ಸದ್ದು ಕೇಳಿಸಿತ್ತು ಎಂದು ಅವನು ಕಿಟ್ಟಿಯವರಿಗೆ ಯಾವತ್ತೂ ಹೇಳಲಿಲ್ಲ.